ನಾಲ್ಕನೇ ತೊಟ್ಟಿಯ ನೆಟ್ಟನೆ ಎಳೆಗಳು

ಪಾಚಿ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಬೆಳಗಾದರೆ ಹನ್ನೆರಡು ತೊಟ್ಟಿಗಳಿಂದ ಹನ್ನೆರಡು ಬಾಟಲಿ ನೀರು ತುಂಬಿ ತಂದು, ಒಂದೊಂದರಿಂದ ಒಂದೊಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುವುದು ಅವಳ ಕೆಲಸ. ಹಾಗಾಗಿ ಹನಿಯಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅಕ್ಕ, ಹಾಜರಿ ಹಾಕುವ ಗುಮಾಸ್ತನಿಗೂ ಅಕ್ಕ.

ಒಡಹುಟ್ಟಿದ ಅಕ್ಕನೆಂದು ಕರೆಯುವವನು ಲೋಕದಲ್ಲಿ ಒಬ್ಬನೇ ಇದ್ದ, ತಮ್ಮ. ಗಂಡನೆಂಬವನು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದವನು ಕೆಲಸದ ಜೊತೆಗೆ ಹೆಂಗಸನ್ನೂ ಹುಡುಕಿಕೊಂಡಿದ್ದ. ತಮ್ಮನದು ಬೀಗ ರಿಪೇರಿ, ಒಂದು ಹಳೇ ಕಟ್ಟಡದ ಮೆಟ್ಟಿಲಿನ ಅಡಿಯಲ್ಲಿ ಅಂಗಡಿ. ಹತ್ತು ವರ್ಷ ಕುಡಿದು, ಬೀಗದ ತೂತಿಗೆ ಕೀಲಿ ತೂರಿಸಲಾರದಷ್ಟು ಕೈ ನಡುಗುವ ಹೊತ್ತಿಗೆ ಡಾಕ್ಟರು, "ಲಿವರ್ ಅರ್ಧ ಹೋಗಿದೆ. ಇನ್ನರ್ಧ ನಿನ್ನ ಕೈಯಲ್ಲಿದೆ" ಅಂದರು. ಅದನ್ನು ಅವನ ಕೈಯಲ್ಲಿ ಬಿಡುವಷ್ಟು ದಡ್ಡಿ ಅವಳಲ್ಲ. ತನ್ನ ಎರಡು ಕೋಣೆಯ ಮನೆಗೆ ಕರೆತಂದಳು. ಬೀಗದವನನ್ನು ಬೀಗ ಹಾಕಿ ಕೂಡಿಹಾಕುವುದು ಹೇಗೆ? ಮೊದಲ ತಿಂಗಳು ರಜೆ ಹಾಕಿ ಬಾಗಿಲಿಗೆ ಅಡ್ಡವಾಗಿ ತಾನೇ ಕುರ್ಚಿ ಹಾಕಿಕೊಂಡು ಕೂತಳು. ಅವನು ಬೈದ, ಅತ್ತ, ವಾಂತಿ ಮಾಡಿದ, ಕೊನೆಗೆ ನಿದ್ದೆ ಮಾಡಿದ. ಮೂರು ವರ್ಷವಾಯಿತು, ಬಾಟಲಿ ಮುಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಒಂದು ಲೋಟ ಹಾಲಿಗೆ ಎರಡು ಚಮಚ ಪಾಚಿ ಪುಡಿ ಕದಡಿ ಕೊಡುತ್ತಿದ್ದಳು. ಕೆನ್ನೆ ತುಂಬಿತು, ಕೈನಡುಕ ನಿಂತಿತು. ತಮ್ಮನನ್ನು ಬದುಕಿಸಿದ್ದು ತನ್ನ ತೊಟ್ಟಿಯ ಹಸಿರು ಎಂದು ಅವಳು ನಂಬಿದ್ದಳು.

ಆ ಹಸಿರನ್ನು ಅವಳಷ್ಟು ಬಲ್ಲವರು ಇರಲಿಲ್ಲ. ಬಂದಾಗ ಅವಳು ತೊಟ್ಟಿ ತಿಕ್ಕುವವಳು. ಸಿಮೆಂಟಿನ ಉದ್ದುದ್ದ ತೊಟ್ಟಿಗಳು, ಮೊಣಕಾಲು ಮುಳುಗುವಷ್ಟು ನೀರು, ಮೇಲೆ ಪ್ಲಾಸ್ಟಿಕ್ ಸೂರು, ನೀರು ನಿಲ್ಲದಂತೆ ಹಗಲಿಡೀ ತಿರುಗುವ ಚಕ್ರ. ಕೈ ಅದ್ದಿದರೆ ಬೆರಳು ಕಾಣದಷ್ಟು ದಟ್ಟ ಪಾಚಿ. ಅದನ್ನೇ ಬಟ್ಟೆಯಲ್ಲಿ ಸೋಸಿ, ಹಿಂಡಿ, ಶಾವಿಗೆಯಂತೆ ಎಳೆ ಎಳೆಯಾಗಿ ಒತ್ತಿ, ಟ್ರೇಗಳಲ್ಲಿ ಒಣಗಿಸಿ ಪುಡಿ ಮಾಡಿದರೆ ಸ್ಪಿರುಲಿನಾ. ಉಳ್ಳವರು ಇನ್ನಷ್ಟು ಶಕ್ತಿ ಬರಲಿ ಎಂದು ನುಂಗುತ್ತಾರೆ, ಇಲ್ಲದವರ ಮಕ್ಕಳಿಗೆ ಇರುವಷ್ಟಾದರೂ ಉಳಿಯಲಿ ಎಂದು ಆಸ್ಪತ್ರೆಗಳಲ್ಲಿ ಹಂಚುತ್ತಾರೆ.

ಲ್ಯಾಬಿನ ಮೊದಲ ಯಜಮಾನ ಶಾಲೆ ಬಿಟ್ಟು ಬಂದ ಮೇಷ್ಟ್ರು. ನೆಲ ಒರೆಸಲು ಹೋದವಳನ್ನು ಒಂದು ದಿನ, "ಬಾರಮ್ಮ, ದಿನಾ ಕಾಲಲ್ಲಿ ತುಳೀತೀಯಲ್ಲ, ಅದರ ಮುಖ ನೋಡು" ಎಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಕಂಡದ್ದು ಪೆನ್ನಿನೊಳಗಿನ ಸ್ಪ್ರಿಂಗಿನಂಥ ಹಸಿರು ಸುರುಳಿಗಳು. "ಸುರುಳಿ ಇದ್ದರೆ ನಮ್ಮ ಮನೆಯವರು. ಇಲ್ಲದಿದ್ದರೆ ಯಾರು, ಯಾಕೆ ಬಂದ್ರಿ ಅಂತ ಕೇಳಬೇಕು" ಅಂದರು ಮೇಷ್ಟ್ರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಆ ಪಾಠ ಒಂದೇ ಏಟಿಗೆ ಹತ್ತಿತು. ಕರೆಯದೆ ಬಂದವರಿಗೆಲ್ಲ ಅವಳೇ ಹೆಸರಿಟ್ಟಳು. ಬಾಯಲ್ಲಿ ಚಕ್ರ ತಿರುಗಿಸುತ್ತ ಸುರುಳಿಗಳನ್ನು ನುಂಗುವ ಹುಳಕ್ಕೆ ಹೊಟ್ಟೆಬಾಕ. ಅಂಗಾಲಿನ ಆಕಾರದಲ್ಲಿ ಓಡಾಡುವುದಕ್ಕೆ ಚಪ್ಪಲಿ. ದುಂಡಗೆ ಹಸಿರಾಗಿ ಗುಂಪು ಕಟ್ಟುವುದಕ್ಕೆ ಪುಂಡರು. ಹೊಟ್ಟೆಬಾಕ ಹತ್ತು ಕಂಡರೆ ತೊಟ್ಟಿ ಸೋಸಬೇಕು, ಪುಂಡರು ಹೆಚ್ಚಾದರೆ ನೀರಿಗೆ ಅಡುಗೆ ಸೋಡಾ ಏರಿಸಬೇಕು. ಸೋಡಾ ಹಾಕಿದ ಕ್ಷಾರದ ನೀರಿನಲ್ಲಿ ಸ್ಪಿರುಲಿನಾ ಸುಖವಾಗಿರುತ್ತದೆ, ಬೇರೆಯವಕ್ಕೆ ಬಾಳು ಕಷ್ಟ. ಮೇಷ್ಟ್ರ ಕಣ್ಣಿಗೆ ಪೊರೆ ಬಂದ ಮೇಲೆ ಅವಳ ಕಣ್ಣೇ ಕಾರ್ಖಾನೆಯ ಕಣ್ಣು. ಬೆಳಗಿನ ಚೀಟಿಗೆ ಅವಳು ಸಹಿ ಹಾಕಿದರೆ ಆ ತೊಟ್ಟಿಯ ಕೊಯ್ಲು.

ಹನ್ನೊಂದು ವರ್ಷದ ಹಿಂದೆ ಆರು ತೊಟ್ಟಿಗಳಲ್ಲಿ ಸುರುಳಿ ಬಿಟ್ಟು ನೆಟ್ಟಗೆ ನಿಂತ ಎಳೆಗಳು ಕಾಣಿಸಿಕೊಂಡವು. ಆಗಿದ್ದ ಮ್ಯಾನೇಜರನಿಗೆ ಅಷ್ಟೇ ಬೇಕಾಗಿತ್ತು. "ನಿಮ್ಮ ಕೊಳಕು ಕಾಲಿನಿಂದ ಬಂದ ಕಳೆ ಇದು. ತೊಟ್ಟಿ ಖಾಲಿ ಮಾಡ್ತೀನಿ, ಜೊತೆಗೆ ನಿಮ್ಮನ್ನೂ" ಅಂದ. ಸಂಘದವರು ಗೇಟಿನ ಮುಂದೆ ಕೂತರು. ಹನಿಯಕ್ಕ ಕೂಗಲಿಲ್ಲ. ಒಂದು ಬಾಟಲಿ ನೀರು ಮನೆಗೆ ಒಯ್ದು, ಹದವಾಗಿ ಸೋಡಾ ಹಾಕಿ, ಬಿಸಿಲು ಬೀಳದ ಕಿಟಕಿಯಲ್ಲಿಟ್ಟು ದಿನಾ ಅಲ್ಲಾಡಿಸಿದಳು. ಒಂಬತ್ತನೇ ದಿನ ನೂರರಲ್ಲಿ ನಾಲ್ಕೈದು ಎಳೆ ಮತ್ತೆ ಸುರುಳಿ ಸುತ್ತಿಕೊಂಡಿದ್ದವು. ಬೇಸಿಗೆಯ ಬಿಸಿಗೆ ಬಿಚ್ಚಿಕೊಂಡಿದ್ದ ಸ್ವಂತ ಮಕ್ಕಳು, ಹೊರಗಿನವರಲ್ಲ. ಕಾರ್ಮಿಕ ಇಲಾಖೆಯಿಂದ ಬಂದಿದ್ದ ಅಧಿಕಾರಿ ಗೇಟಿನಲ್ಲೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡ. ಅರವತ್ತೆರಡು ಜನರ ಕೆಲಸ ಉಳಿಯಿತು. 'ನೆಟ್ಟಗಿದ್ದರೂ ನಮ್ಮದೇ' ಎಂದು ಒಣಗಿಸುವ ಶೆಡ್ಡಿನ ಗೋಡೆಗೆ ಯಾರೋ ಕೆಂಪು ಬಣ್ಣದಲ್ಲಿ ಬರೆದರು. ಬೆಳಗಿನ ಚೀಟಿಯಲ್ಲಿ ನೆಟ್ಟನೆ ಎಳೆಗಳ ಲೆಕ್ಕಕ್ಕೆ ಒಂದು ಅಂಕಣವಿತ್ತು, ಅದನ್ನು ತೆಗೆಯಬೇಕೆಂದು ಹಟ ಹಿಡಿದವಳು ಹನಿಯಕ್ಕನೇ. ನಾಳೆ ಇನ್ನೊಬ್ಬ ಮ್ಯಾನೇಜರ್ ಅದನ್ನೇ ಹಿಡಿದುಕೊಂಡು ಕುಣಿಯುವುದು ಬೇಡ ಎಂದು. ಸಂಘ ಅದನ್ನು ಒಪ್ಪಂದಕ್ಕೇ ಸೇರಿಸಿತು. ಟ್ರೇಯಲ್ಲಿ ಉದುರಿದ ಚೂರನ್ನು ತಿಂಗಳಿಗೊಂದು ಪೊಟ್ಟಣ ಕಟ್ಟಿ ಪ್ರತಿ ಮನೆಗೂ ಕೊಡಬೇಕೆಂಬುದು ಕೂಡ ಆ ಒಪ್ಪಂದದಲ್ಲೇ ಬಂತು.

ಗೆದ್ದ ಹೋರಾಟಕ್ಕೂ ಒಂದು ರೋಗವಿದೆ. ಗೆಲ್ಲಿಸಿದ ಮಾತನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡುವವರಿರುವುದಿಲ್ಲ.

ಈ ವರ್ಷ ಬಂದ ಮ್ಯಾನೇಜರ್ ಬೈಯುವವನಲ್ಲ, ನಗುವವನು. ಬಂದ ಮೂರೇ ತಿಂಗಳಿಗೆ ಸೋಡಾ ಅರ್ಧಕ್ಕೆ ಇಳಿಸಿದ.

"ಸಾರ್, ಸೋಡಾ ಬೇಲಿ ಇದ್ದ ಹಾಗೆ" ಅಂದಳು ಹನಿಯಕ್ಕ.

"ಇರೋದನ್ನೆಲ್ಲ ಬೇಲಿಗೇ ಸುರಿದ್ರೆ ಹೊಲಕ್ಕೆ ಏನಮ್ಮ ಹಾಕ್ಲಿ? ನಿಮ್ಮ ಕಣ್ಣಿದೆಯಲ್ಲ, ಅದೇ ನಮ್ಮ ಬೇಲಿ."

ಹೊಗಳಿಕೆಗೆ ಅವಳೂ ಉಬ್ಬಿದಳು. ಮನುಷ್ಯಳೇ ತಾನೆ.

ಎರಡು ವಾರ ಕಳೆಯುವುದರೊಳಗೆ ನಾಲ್ಕನೇ ತೊಟ್ಟಿಯಲ್ಲಿ ನೆಟ್ಟನೆ ಎಳೆಗಳು ಕಂಡವು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಹನಿಗೆ ಹತ್ತು ಹದಿನೈದು. ಲ್ಯಾಬಿಗೆ ಹೊಸದಾಗಿ ಬಂದಿದ್ದವನು ನಲವತ್ತು ದಾಟಿದ ಗಂಭೀರ ಮನುಷ್ಯ, ಅಲ್ಲಿಯವರೆಗೆ ಹಾಲಿನ ಡೈರಿಯಲ್ಲಿದ್ದವನು. ಹೆಂಗಸರು ಆಗಲೇ ಹಾಲಪ್ಪ ಎಂದು ಹೆಸರಿಟ್ಟಿದ್ದರು. ಅವನು ಗಾಜಿನ ಮೇಲೆ ಎಣ್ಣೆ ಬಿಟ್ಟು ನೋಡುವ ದೊಡ್ಡ ಲೆನ್ಸಿನಲ್ಲಿ ಬಗ್ಗಿ ಬಹಳ ಹೊತ್ತು ನೋಡಿ ಹೇಳಿದ:

"ಅಮ್ಮ, ಇದು ನಮ್ಮದಲ್ಲ ಅನ್ಸುತ್ತೆ. ತುದಿ ನೋಡಿ. ಟೋಪಿ ಹಾಕಿದ ಹಾಗಿದೆ."

"ಯಾರಿಗೆ ಟೋಪಿ ಹಾಕ್ತಿದೆ ಸಾರ್?" ಅಂದಳು ಹನಿಯಕ್ಕ. ಟ್ರೇ ಹೊತ್ತು ಹೋಗುತ್ತಿದ್ದ ಇಬ್ಬರು ನಿಂತು ನಕ್ಕರು.

"ತಮಾಷೆ ಅಲ್ಲಮ್ಮ. ಹಾಲಿನಲ್ಲೂ ಹೀಗೇ ಆಗ್ತಿತ್ತು, ನೋಡೋಕೆ ಎಲ್ಲ ಬಿಳಿ."

"ಹಾಲಿನಲ್ಲಿ ನೀರು ಹುಡುಕಿದ ಕಣ್ಣು ನಿಮ್ಮದು. ನಾನು ಹುಟ್ಟಾ ನೀರಿನಲ್ಲೇ ಇದ್ದೀನಿ. ಇವು ಬಿಸಿಲಿಗೆ ಬಿಚ್ಚಿಕೊಂಡ ನಮ್ಮವೇ. ಒಂಬತ್ತು ದಿನ ಮನೇಲಿಟ್ಟು ನೋಡಿದವಳು ನಾನು."

"ಈ ನೀರನ್ನ ಇಟ್ಟು ನೋಡಿದ್ರಾ?"

ಪ್ರಶ್ನೆ ಸರಿಯಾಗಿತ್ತು. ಅವಳು ಚೀಟಿಗೆ ಸಹಿ ಹಾಕಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆ ದಿನ ನಾಲ್ಕನೇ ತೊಟ್ಟಿಯ ಹತ್ತಿರ ಮೊದಲ ಮಳೆ ಬಿದ್ದ ನೆಲದ ವಾಸನೆ ಬರುತ್ತಿತ್ತು. ಹಿತವಾದ ವಾಸನೆ. ಎಲ್ಲೋ ಮಳೆಯಾಗಿರಬೇಕು ಎಂದುಕೊಂಡಳು.

ತಿಂಗಳ ಪೊಟ್ಟಣ ಬಂತು. ಮೂರನೇ ದಿನವೋ ನಾಲ್ಕನೇ ದಿನವೋ ತಮ್ಮ ಲೋಟ ಅರ್ಧಕ್ಕೆ ಇಳಿಸಿದ.

"ಅಕ್ಕ, ಇದು ಮಣ್ಣು ತಿಂದ ಹಾಗಿದೆ."

"ಹತ್ತು ವರ್ಷ ಬೆಂಕಿ ಕುಡಿದ ನಾಲಿಗೆ ನಿಂದು. ಅದಕ್ಕೆ ರುಚಿ ಬೇರೆ ಕೇಡು."

"ನಾಲಿಗೆ ಸುಟ್ಟಿದ್ದು ನಿಜ ಕಣೆ. ಆದರೆ ಮಣ್ಣು ಗೊತ್ತಾಗುತ್ತೆ. ಎಷ್ಟು ಸಲ ಬಾಯಿ ಕೆಳಗೆ ಮಾಡಿ ಬಿದ್ದಿಲ್ಲ ನಾನು?"

ಇಬ್ಬರೂ ನಕ್ಕರು. ಅವನು ಮೂಗು ಹಿಡಿದು ಉಳಿದರ್ಧ ಕುಡಿದ.

ಇಪ್ಪತ್ತು ದಿನ ಕಳೆದಿರಬೇಕು. ತಮ್ಮನಿಗೆ ಊಟ ಸೇರದಾಯಿತು. ಮೈ ಕೆರೆತ ಶುರುವಾಯಿತು. ಒಂದು ಮುಂಜಾನೆ ಬಾಗಿಲ ಬೆಳಕಿನಲ್ಲಿ ಅವನ ಕಣ್ಣು ನೋಡಿದಳು, ಬಿಳಿ ಹೋಗಿ ಹಳದಿ ತಿರುಗಿತ್ತು. ಅವಳಿಗೆ ಬಂದ ಯೋಚನೆ ಒಂದೇ.

"ಬಾಯಿ ತೆಗಿ."

"ಯಾಕೆ?"

"ತೆಗಿ ಅಂದೆ."

ಐವತ್ತು ವರ್ಷದ ಗಂಡಸು ಮಗುವಿನ ಹಾಗೆ ಬಾಯಿ ತೆರೆದ. ಅವಳು ಮೂಸಿ ನೋಡಿದಳು. ಹೆಂಡದ ವಾಸನೆ ಇರಲಿಲ್ಲ. ಇಲ್ಲದ್ದಕ್ಕೆ ಅನುಮಾನ ಇನ್ನೂ ಹೆಚ್ಚಾಯಿತು.

"ಲವಂಗ ಅಗಿದಿದ್ದೀಯ."

"ಅಕ್ಕ, ನಾನು ಕುಡಿದಿಲ್ಲ."

"ಕುಡುಕರೆಲ್ಲ ಹೇಳೋ ಮೊದಲ ಮಾತೇ ಅದು."

"ಹಾಗಾದ್ರೆ ಕುಡಿಯದವನು ಏನು ಹೇಳ್ಬೇಕು, ನೀನೇ ಹೇಳಿಕೊಡು."

ಅವಳು ಹಾಸಿಗೆ ಕೊಡವಿದಳು. ಅಂಗಡಿಗೆ ಹೋಗಿ ಅವನ ಎದುರಿಗೇ ಪೆಟ್ಟಿಗೆ ಬುಡಮೇಲು ಮಾಡಿ ಸುರಿದಳು. ಹಳೇ ಕೀಲಿಗಳು, ಅರ, ಸಣ್ಣ ಬಾಟಲಿಯಲ್ಲಿ ಬೀಗಕ್ಕೆ ಬಿಡುವ ಎಣ್ಣೆ. ಮುಚ್ಚಳ ತೆಗೆದು ಅದನ್ನೂ ಮೂಸಿದಳು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಅವನು ಬಗ್ಗಿ ಒಂದೊಂದೇ ಕೀಲಿ ಆರಿಸಿ ಪೆಟ್ಟಿಗೆಗೆ ಹಾಕಿದ. ಓಣಿಯಲ್ಲಿ ಕೇಳಿದವರಿಗೆ, ಕೇಳದವರಿಗೆ, "ಮತ್ತೆ ಶುರು ಹಚ್ಚಿಕೊಂಡಿದ್ದಾನೆ" ಎಂದು ಅವಳೇ ಹೇಳಿಕೊಂಡು ಬಂದಳು. ನೀರಿಗೆ ಹೋದಲ್ಲಿ ಹೇಳಿದಳು, ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಹೇಳಿದಳು. ನಾಲ್ಕು ಜನರ ಕಣ್ಣು ಮೈಮೇಲಿದ್ದರೆ ಹೆದರುತ್ತಾನೆ ಎಂಬ ಲೆಕ್ಕ. ಹಾಲಿಗೆ ಎರಡರ ಬದಲು ಮೂರು ಚಮಚ ಹಾಕತೊಡಗಿದಳು. ಅವನು ಕುಡಿದ. "ನಿನ್ನ ಸಮಾಧಾನಕ್ಕೆ" ಅಂದ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಅವಳು ವಿಷದ ಚಮಚ ಕೈಯಲ್ಲಿ ಹಿಡಿದುಕೊಂಡು ಬಾಟಲಿ ಹುಡುಕಿದಳು.

ಹೊಟ್ಟೆ ಊದಿಕೊಂಡು ಅವನು ಅಂಗಡಿಯಲ್ಲೇ ಬಿದ್ದ ದಿನ ಎದುರಿನ ದರ್ಜಿ ಆಟೋದಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ. ಅಲ್ಲಿನ ಡಾಕ್ಟರಮ್ಮ ರಕ್ತದ ವರದಿ ನೋಡುತ್ತ ಕೇಳಿದಳು:

"ಕುಡೀತಾರಾ?"

"ಬಿಟ್ಟಿದ್ದ. ಈಗ ಮತ್ತೆ..."

"ಇಲ್ಲ, ಇದು ಕುಡಿದಿದ್ದಲ್ಲ. ಕುಡಿದ ಗುರುತೇ ಇಲ್ಲ. ಬೇರೇನೋ ಲಿವರಿಗೆ ಹೊಡೆದಿದೆ. ಮೊದಲೇ ಅರ್ಧ ಇದ್ದದ್ದು. ನಾಟಿ ಔಷಧಿ, ಬೇರು, ಕಷಾಯ, ಏನಾದರೂ ಕೊಡ್ತಿದ್ರಾ?"

"ಅಂಥದ್ದೇನೂ ಇಲ್ಲ ಡಾಕ್ಟರೇ. ನಮ್ಮ ಪಾಚಿ ಪುಡಿ, ಅಷ್ಟೇ. ಒಳ್ಳೇದು ಅದು."

ಹೇಳಿದ ಮಾತು ಅವಳ ಕಿವಿಗೇ ಬಿತ್ತು. ತಮ್ಮನ ಮುಖ ನೋಡದೆ ನೇರ ಕಾರ್ಖಾನೆಗೆ ನಡೆದಳು.

ಮಧ್ಯಾಹ್ನ. ಹಾಲಪ್ಪ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದ.

"ಸಾರ್, ಆ ಎಣ್ಣೆ ಬಿಡೋ ಲೆನ್ಸು ಹೇಗೆ ಹಾಕೋದು, ತೋರಿಸಿ."

ಇಪ್ಪತ್ತೊಂದು ವರ್ಷದಲ್ಲಿ ಅವಳು ಆ ಲೆನ್ಸನ್ನು ಮುಟ್ಟಿರಲಿಲ್ಲ. ಬೇಕಾಗಿರಲಿಲ್ಲ. ಅವನು ಕೈ ತೊಳೆದುಕೊಂಡು ಬಂದು ತೋರಿಸಿಕೊಟ್ಟ. ನಾಲ್ಕನೇ ತೊಟ್ಟಿಯ ಹನಿ. ಎಳೆ ಈಗ ಹಗ್ಗದಷ್ಟು ದಪ್ಪಗೆ ಕಂಡಿತು. ತುದಿಗೆ ಟೋಪಿ ಇತ್ತು. ಎಷ್ಟು ಸ್ಪಷ್ಟವಾಗಿತ್ತೆಂದರೆ ಕುರುಡನಿಗೂ ಕಾಣುವಂತಿತ್ತು. ಅವಳ ಸ್ಪಿರುಲಿನಾ ಸರಿಯುವಾಗ ತಿರುಚಿಕೊಂಡು ಸರಿಯುತ್ತದೆ. ಇದು ತಿರುಚಿಕೊಳ್ಳದೆ ತಲೆಯೊಂದನ್ನೇ ಅತ್ತ ಇತ್ತ ಆಡಿಸುತ್ತ, ಕತ್ತಲ ಕೋಣೆಯಲ್ಲಿ ಗೋಡೆ ತಡಕುವವನಂತೆ ಮುಂದೆ ಹೋಗುತ್ತಿತ್ತು.

ಅವಳು ಎರಡು ಬಾಟಲಿಗೆ ನಾಲ್ಕನೇ ತೊಟ್ಟಿಯ ನೀರು ತುಂಬಿದಳು. ಒಂದನ್ನು ಹಾಗೇ ಇಟ್ಟು, ಇನ್ನೊಂದಕ್ಕೆ ಹಿಂದೆ ತೊಟ್ಟಿಗೆ ಹಾಕುತ್ತಿದ್ದಷ್ಟು ಸೋಡಾ ಹಾಕಿದಳು. ಮೂರನೇ ದಿನ ಸೋಡಾದ ಬಾಟಲಿಯಲ್ಲಿ ಸುರುಳಿಗಳು ಹಸಿರಾಗಿ ಸುಖವಾಗಿದ್ದವು. ನೆಟ್ಟನೆಯವು ಬೂದು ಬಣ್ಣ ತಿರುಗಿ, ತುಂಡು ತುಂಡಾಗಿ ತಳ ಸೇರಿದ್ದವು. ಸೋಡಾ ಹಾಕದ ಬಾಟಲಿ ತೆರೆದಾಗ ಮೊದಲ ಮಳೆಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ತಮ್ಮ ಹೇಳಿದ ಮಣ್ಣು ಅದು. ಪುಡಿಯಲ್ಲಿ ಬೇಡದ್ದು ಸೇರಿದೆ ಎಂದು ಕಾರ್ಖಾನೆಗೆಲ್ಲ ಮೊದಲು ಕಂಡುಹಿಡಿದದ್ದು ಅವನ ಸುಟ್ಟ ನಾಲಿಗೆ.

"ಇದರಲ್ಲಿ ಕೆಲವು ಜಾತಿ ವಿಷ ಬಿಡುತ್ತೆ, ಲಿವರಿಗೇ ಹೋಗುತ್ತೆ. ಎಲ್ಲವೂ ಅಲ್ಲ. ನಾನು ಹೋದ ವಾರವೇ ಪುಡಿಯನ್ನ ಪರೀಕ್ಷೆಗೆ ಕಳಿಸಿದ್ದೀನಿ, ಯಾರಿಗೂ ಹೇಳದೆ" ಅಂದ ಹಾಲಪ್ಪ.

"ನನಗೆ ಹೇಳಬಹುದಿತ್ತಲ್ಲ."

"ಹೇಳಿದ್ದೆನಲ್ಲಮ್ಮ."

ಅವಳು ಹೊರಗೆ ಬಂದು ನಾಲ್ಕನೇ ತೊಟ್ಟಿಯ ಸ್ವಿಚ್ಚು ಆರಿಸಿದಳು. ಚಕ್ರ ಎರಡು ಸುತ್ತು ಹಾಕಿ ನಿಂತಿತು. ನಿಂತ ಚಕ್ರ ನೋಡಿ ಮೊದಲು ಓಡಿ ಬಂದವನು ಸಂಘದ ಕಾರ್ಯದರ್ಶಿ. ಮೈಕು ಇಲ್ಲದೆ ಸಾವಿರ ಜನಕ್ಕೆ ಕೇಳುವ ದನಿ, ಅದಕ್ಕೇ ಗಂಟಲಣ್ಣ. ಅವತ್ತು ಮಾತ್ರ ಪಿಸುಗುಟ್ಟಿದ.

"ಈಗ ಬೇಡ ಅಕ್ಕ. ಮುಂದಿನ ವಾರ ಮಾತುಕತೆಗೆ ಕೂರ್ತಿದ್ದೀವಿ. ನೆಟ್ಟನೆಯದು ನಮ್ಮದಲ್ಲ ಅಂತ ನೀನೇ ಹೇಳಿಬಿಟ್ರೆ ಆವತ್ತು ಅವರು ಹೇಳಿದ್ದೇ ಸರಿ ಅಂತಾಗುತ್ತೆ."

"ಆವತ್ತು ಅವರು ಹೇಳಿದ್ದು ಸುಳ್ಳು. ಈಗ ನಾನು ಹೇಳಿದ್ದು ತಪ್ಪು. ಎರಡೂ ಬೇರೆ ಬೇರೆ ಕಣೋ."

"ಗೇಟಿನ ಹೊರಗಿರೋರಿಗೆ ಇದು ಅರ್ಥ ಆಗುತ್ತಾ?"

"ಒಳಗಿರೋ ನಿನಗೇ ಆಗ್ತಿಲ್ಲ."

ಮ್ಯಾನೇಜರ್ ಕರೆಸಿ ಕೂರಿಸಿ ನೀರು ಕೊಟ್ಟ. "ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾಲ್ಕರದ್ದನ್ನ ಉಳಿದ ಹನ್ನೊಂದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿಬಿಡೋಣ. ಯಾರಿಗೂ ಏನೂ ಆಗಲ್ಲ."

"ಹಾವು ಆಗಲೇ ಕಚ್ಚಿದೆ ಸಾರ್."

"ಚೀಟಿಗೆ ಸಹಿ ಹಾಕಿದವರು ನೀವು. ಅಂಕಣ ತೆಗೆಸಿದವರು ನೀವು. ಗೋಡೆ ಮೇಲೆ ಬರೆದವರೂ ನಿಮ್ಮವರೇ. ನಾನು ಬಂದಿದ್ದು ಈಚೆಗೆ." ಅವನು ನಗುತ್ತಲೇ ಇದ್ದ.

"ಸೋಡಾ ಇಳಿಸಿದವರು?"

"ಅದನ್ನ ಎಲ್ಲಾದರೂ ಬರೆದಿಟ್ಟಿದ್ದೀರಾ?"

ಬರೆದಿಟ್ಟಿರಲಿಲ್ಲ. ಬಾಯಲ್ಲಿ ಹೇಳಿದ್ದು ಬಾಯಲ್ಲೇ ಹೋಗಿತ್ತು.

ಮೂರು ದಿನ ಊಟ ಕೊಟ್ಟು ಮಾತಾಡದೆ ಬರುತ್ತಿದ್ದವಳು ಆ ಸಂಜೆ ಹೇಳಿಬಿಡಲೆಂದು ಆಸ್ಪತ್ರೆಗೆ ಹೋದಳು. ತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕೈ ಕಡ್ಡಿಯಾಗಿತ್ತು, ಹೊಟ್ಟೆ ಬಿಂದಿಗೆಯಾಗಿತ್ತು. ಪಕ್ಕದ ಹಾಸಿಗೆಯವನ ನೆಂಟರು ಜೋರಾಗಿ ಮಾತಾಡುತ್ತಿದ್ದರು. ಅವಳು ಸ್ಟೂಲು ಎಳೆದುಕೊಂಡು ಕೂತಳು.

"ನೀನು ಕುಡಿದಿಲ್ಲ ಅಂತ ಗೊತ್ತಾಯ್ತು."

"ಯಾರು ಹೇಳಿದ್ರು?"

"ಡಾಕ್ಟರು. ಆಮೇಲೆ ನಾನೂ ನೋಡಿದೆ. ಪುಡಿಯಲ್ಲಿತ್ತು ವಿಷ. ನಾನೇ ಸಹಿ ಹಾಕಿ ಬಿಟ್ಟದ್ದು. ನಾನೇ ಕಲಸಿ ಕೊಟ್ಟದ್ದು."

ಅವನು ಗೋಡೆಯಿಂದ ಇತ್ತ ಮುಖ ತಿರುಗಿಸಿದ. "ನಾನು ಹೇಳಿದ್ರೆ ನಂಬಲಿಲ್ಲ. ಗಾಜು ಹೇಳಿದ್ರೆ ನಂಬ್ತೀಯ."

"ಹೌದು."

"ಓಣಿಯಲ್ಲಿ ಹೇಳು. ಕುಡಿದು ಬಿದ್ದ ಅಂತ ಮಾಡಿಬಿಟ್ಟಿದ್ದೀಯ ನನ್ನ. ದರ್ಜಿಗೆ ಮೊದಲು ಹೇಳು. ಅವನು ನನ್ನ ಎತ್ತಿ ಕೂರಿಸುವಾಗಲೂ ಮೂಗು ಮುಚ್ಚಿಕೊಂಡಿದ್ದ."

"ಹೇಳ್ತೀನಿ."

"ಬೇರೆ ಯಾರಿಗೆ ಕೊಟ್ಟಿದ್ದೀರಿ ಅದನ್ನ?"

ಅವಳಿಗೆ ತಟ್ಟನೆ ಹೊಳೆಯಿತು. ನಾಲ್ಕನೇ ತೊಟ್ಟಿಯ ಪಾಚಿ ಒತ್ತಿದ ಎಳೆ ಒಣಗಿದರೆ ಗರಿಗರಿಯಾಗಿ ಮುರಿಯುತ್ತಿತ್ತು. ಟ್ರೇಯಲ್ಲಿ ಉದುರುತ್ತಿದ್ದ ಚೂರಲ್ಲಿ ಮುಕ್ಕಾಲು ಅದೇ. ಡಬ್ಬಿಗೆ ಹೋದದ್ದರಲ್ಲಿ ಹನ್ನೊಂದು ತೊಟ್ಟಿಯ ಒಳ್ಳೆಯದು ಬೆರೆತಿತ್ತು. ಪೊಟ್ಟಣ ಕಟ್ಟಿ ಮನೆಮನೆಗೆ ಕೊಟ್ಟದ್ದು ಹೆಚ್ಚುಕಮ್ಮಿ ಅಪ್ಪಟ ವಿಷ. ಅರವತ್ತೆರಡು ಮನೆ. ಹಾಲಿನಲ್ಲಿ, ಗಂಜಿಯಲ್ಲಿ, ಮಕ್ಕಳ ಬಾಯಿಗೆ. ಅವನು ನೀರು ಕೇಳಿದ, ಕುಡಿಸಿದಳು. ಮಾರನೆಯ ಬೆಳಿಗ್ಗೆ ಎಂಟಕ್ಕೆ, ನರ್ಸು ಹಾಸಿಗೆ ಬದಲಿಸಲು ಬಂದಾಗ ಅವನು ಸತ್ತಿದ್ದ.

ಮಣ್ಣು ಮಾಡಿದ ಮಾರನೇ ದಿನ ಪರೀಕ್ಷೆಯ ವರದಿ ಬಂತು. ಇರಬಹುದಾದದ್ದಕ್ಕಿಂತ ಹದಿನಾಲ್ಕು ಪಟ್ಟು ವಿಷ. ಹಾಲಪ್ಪ ಅದರ ಒಂದು ಪ್ರತಿಯನ್ನು ಆಹಾರ ಇಲಾಖೆಗೆ ಕೊಟ್ಟು, ಒಂದನ್ನು ಮ್ಯಾನೇಜರನ ಮೇಜಿನ ಮೇಲಿಟ್ಟು, ಡಬ್ಬಿಗಳು ಹೋಗಿದ್ದ ಆಸ್ಪತ್ರೆಗಳಿಗೆ ತಾನೇ ಫೋನು ಮಾಡತೊಡಗಿದ. ಹನಿಯಕ್ಕ ಊಟದ ಹೊತ್ತಿಗೆ ಒಣಗಿಸುವ ಶೆಡ್ಡಿಗೆ ಹೋದಳು. ಎಲ್ಲರೂ ಸೇರಿದ್ದರು. ನಡುವೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗೋಡೆಯ ಮೇಲಿನ ಮಾತು ಆವತ್ತಿಗೆ ನಿಜ, ಇವತ್ತಿಗೆ ಅಲ್ಲ. ಪೊಟ್ಟಣ ಯಾರೂ ಮುಟ್ಟಬೇಡಿ. ಮಕ್ಕಳಿಗೆ ಕೊಡಬೇಡಿ. ತಂದು ನನಗೆ ಕೊಡಿ.

ಆಮೇಲೆ ಹಿಂಡುವ ಯಂತ್ರದವನು ಎದ್ದ. ಹನ್ನೊಂದು ವರ್ಷದ ಹಿಂದೆ ಗೇಟಿನಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತಿದ್ದವನು.

"ನಿನ್ನ ತಮ್ಮ ಕುಡಿದು ಸತ್ತ. ನೀನೇ ಹೇಳಿದ್ದೆ, ಇದೇ ಜಾಗದಲ್ಲಿ ಕೂತು."

"ಸುಳ್ಳು ಹೇಳಿದ್ದೆ. ಗೊತ್ತಿಲ್ಲದೆ ಹೇಳಿದ ಸುಳ್ಳು."

"ಆವತ್ತು ಹೇಳಿದ್ದು ಸುಳ್ಳು, ಇವತ್ತು ಹೇಳಿದ್ದು ನಿಜ. ನಾಳೆ ಇನ್ನೊಂದು ಹೇಳ್ತೀಯ. ನಾಳೆ ಇಲಾಖೆಯವರು ಬಂದು ಬಾಗಿಲಿಗೆ ಸೀಲು ಹಾಕಿದ್ರೆ ನಮ್ಮ ಒಲೆ ಉರಿಯೋದು ಹೇಗೆ?"

"ಉರಿಯೋದು ಕಷ್ಟ ಆಗುತ್ತೆ."

"ಅಷ್ಟೇನಾ ನಿನ್ನ ಉತ್ತರ?"

"ಬೇರೆ ಉತ್ತರ ನನ್ನ ಹತ್ತಿರ ಇಲ್ಲ."

ಗಂಟಲಣ್ಣ ತಲೆ ತಗ್ಗಿಸಿ ಕೂತಿದ್ದ. ಪೊಟ್ಟಣ ತಂದುಕೊಡುತ್ತೇವೆಂದು ಯಾರೂ ಹೇಳಲಿಲ್ಲ. ಒಬ್ಬಳು, "ಹೊಟ್ಟೆಗೆ ಕಲ್ಲು ಹಾಕೋಕೆ ಬಂದಿದ್ದಾಳೆ" ಎಂದು ಗೊಣಗಿದ್ದು ಕೇಳಿಸಿತು. ಬೆಲ್ಲು ಹೊಡೆಯಿತು, ಎದ್ದು ಹೋದರು.

ಅವರು ತರದಿದ್ದರೆ ತಾನೇ ಹೋಗಿ ತರುವುದು. ಅಂದಿನ ಸಂಜೆಯಿಂದಲೇ ಒಂದು ಗೋಣಿಚೀಲ ಹಿಡಿದು ಶುರು ಮಾಡಿದಳು. ಕೆಲವರು ಎಸೆದಿದ್ದೇವೆ ಅಂದರು, ಹಿಂದೆಯೇ ಅಡುಗೆಮನೆಯ ಮಾಡದಲ್ಲಿ ಹಸಿರು ಪೊಟ್ಟಣ ಕಾಣುತ್ತಿತ್ತು. ಕೆಲವರು ತಂದು ಚೀಲಕ್ಕೆ ಹಾಕಿದರು. ಒಬ್ಬ ಮುದುಕ, ಅರ್ಧ ತಿಂದಾಗಿದೆ ಉಳಿದರ್ಧ ಬಿಟ್ಟು ಏನು ಪ್ರಯೋಜನ ಎಂದು ವಾದಕ್ಕೆ ನಿಂತ. ದರ್ಜಿಗೆ ಅಂಗಡಿಯಲ್ಲೇ, ಗಿರಾಕಿಗಳ ಎದುರಿಗೇ ಹೇಳಿದಳು. ಅವನು ಬಟ್ಟೆ ಹೊಲಿಯುತ್ತಲೇ ಕೇಳಿಸಿಕೊಂಡು, "ಮೊದಲೇ ಹೇಳಬೇಕಿತ್ತು. ಮೂಗು ಮುಚ್ಚಿಕೊಂಡಿದ್ದೆ ನಾನು" ಅಂದ. ಇನ್ನೇನು ಹೇಳಿಯಾನು.

ಇಪ್ಪತ್ತೊಂದನೆಯ ಮನೆ ಟ್ರೇ ಹೊರುವವಳದು. ಹಾಲಪ್ಪನ ಟೋಪಿಯ ಮಾತಿಗೆ ನಕ್ಕಿದ್ದವರಲ್ಲಿ ಇವಳೊಬ್ಬಳು. ಬಾಗಿಲು ಅರ್ಧ ತೆರೆದಳು.

"ನಮ್ಮದು ಕೊಡಲ್ಲ ಅಕ್ಕ. ನನ್ನ ಮಗಳು ಎರಡು ವರ್ಷ ಕೂರೋಕೆ ಆಗದೆ ಮಲಗಿದ್ದವಳು ಎದ್ದು ನಡೆದಿದ್ದೇ ಇದರಿಂದ."

"ನಡೆದಿದ್ದು ಒಳ್ಳೆ ಪುಡಿಯಿಂದ. ಇದು ಆ ಪುಡಿ ಅಲ್ಲ."

"ಬಣ್ಣ ಅದೇ ಇದೆ."

"ಬಣ್ಣ ಅದೇ ಇರುತ್ತೆ. ಅದಕ್ಕೇ ನಾನು ಕೆಟ್ಟಿದ್ದು."

ಅವಳು ಬಾಗಿಲು ಮುಚ್ಚಲಿಲ್ಲ, ತೆರೆಯಲೂ ಇಲ್ಲ. ಹನಿಯಕ್ಕ ಹೊಸ್ತಿಲ ಹೊರಗೆ ಕೂತಳು. ಅರ್ಧ ಗಂಟೆ ಕಳೆದಿರಬಹುದು. ಒಳಗೆ ಪಾತ್ರೆ ಸದ್ದಾಯಿತು, ಮಗು ಏನೋ ಕೇಳಿತು, ತಾಯಿ ಗದರಿಸಿದಳು. ಕೊನೆಗೆ ಪೊಟ್ಟಣ ಹಿಡಿದು ಬಂದಳು. ಮುಕ್ಕಾಲು ಖಾಲಿಯಾಗಿತ್ತು.

"ಇವತ್ತು ಬೆಳಿಗ್ಗೆನೂ ಕೊಟ್ಟೆ ಅಕ್ಕ. ಈಗ ಏನು ಮಾಡ್ಲಿ?"

"ಕರಿ ಅವಳನ್ನ."

ಐದು ವರ್ಷದ ಹುಡುಗಿ ತಾಯಿಯ ಸೆರಗು ಹಿಡಿದು ಬಂದಳು. ಹನಿಯಕ್ಕ ಅವಳನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕೆಳ ರೆಪ್ಪೆ ಎಳೆದು ನೋಡಿದಳು. ಒಂದು ಕಣ್ಣು, ಆಮೇಲೆ ಇನ್ನೊಂದು. ಬಿಳಿ ಇತ್ತು. ಸಂಜೆ ಬೆಳಕಿಗೆ ಹಾಗೆ ಕಂಡಿತೋ ಏನೋ, ಖಾತ್ರಿ ಹೇಳುವಂತಿರಲಿಲ್ಲ.

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಕರ್ಕೊಂಡು ಹೋಗಿ ರಕ್ತ ಕೊಡಿಸು. ನಾನೂ ಬಂದು ಕಣ್ಣು ನೋಡ್ತೀನಿ."

"ನೀನು ಬರಬೇಡ."

"ಬರ್ತೀನಿ."

ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಮನೆಗೆ ನಡೆದಳು. ಇವಳು ಬರುವುದನ್ನು ಕಂಡು ಯಾರೋ ಆಗಲೇ ಒಳಗಿನಿಂದ ಅಗಳಿ ಹಾಕಿಕೊಂಡರು. ಇನ್ನೂ ನಲವತ್ತೊಂದು ಬಾಗಿಲು ಉಳಿದಿದ್ದವು. ಅಗಳಿ ಹಾಕಿಕೊಂಡ ಆ ಬಾಗಿಲನ್ನು ಅವಳು ತಟ್ಟಿದಳು.